60-70ರ ದಶಕದಲ್ಲಿ ಯಾರ ಕಣ್ಣಿಗೂ ಬೀಳದೆ ಹೋದ ಒಳ್ಳೆಯ ರಾಕ್ ಬ್ಯಾಂಡ್ ಯಾವುದು? ಯಾಕೆ ಹಾಗಾಯಿತು?

ನನ್ನನ್ನು ಕೇಳಿದರೆ ಬಿಗ್ ಸ್ಟಾರ್. ಅಮೆರಿಕದ ಮೆಂಫಿಸ್‌ನಲ್ಲಿ 1971ರಲ್ಲಿ ನಾಲ್ಕು ಹುಡುಗರು ಸೇರಿ ಕಟ್ಟಿದ ಬ್ಯಾಂಡ್. ಹೆಸರು ಇಟ್ಟುಕೊಂಡಿದ್ದು ಅಲ್ಲಿನ ಸೂಪರ್ ಮಾರ್ಕೆಟ್ ಒಂದನ್ನು ನೋಡಿ. ಬ್ಯಾಂಡ್‌ನ ಗಾಯಕ ಅಲೆಕ್ಸ್ ಚಿಲ್ಟನ್ 16ನೇ ವಯಸ್ಸಿಗೇ ಬಾಕ್ಸ್ ಟಾಪ್ಸ್ ಗುಂಪಿನಲ್ಲಿ ಹಾಡಿ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದವನು!

1972ರಲ್ಲಿ ಮೊದಲ ಆಲ್ಬಮ್ ಬಂತು. ವಿಮರ್ಶಕರು ಬಾಯ್ತುಂಬ ಹೊಗಳಿದರು. ಆದರೆ ಅಂಗಡಿಗೆ ಹೋದರೆ ರೆಕಾರ್ಡೇ ಇಲ್ಲ. ಹಂಚುವ ಕೆಲಸ ಸ್ಟ್ಯಾಕ್ಸ್ ಕಂಪನಿಯದು. ಅವರದು ಕಪ್ಪು ಅಮೆರಿಕನ್ನರ 'ಸೋಲ್' (soul) ಸಂಗೀತದ ಲೋಕ, ರಾಕ್ ಮಾರಿ ಅಷ್ಟು ಅಭ್ಯಾಸವಿರಲಿಲ್ಲ. ಆಮೇಲೆ ಹಂಚಿಕೆ ಕೊಲಂಬಿಯಾ ಅನ್ನೋ ದೊಡ್ಡ ರೆಕಾರ್ಡ್ ಕಂಪನಿಯ ಕೈಗೆ ಹೋಗಿ ಇನ್ನೂ ಹದಗೆಟ್ಟಿತು. ಅರ್ಧದಷ್ಟು ಹಾಡು ಬರೆದಿದ್ದ ಕ್ರಿಸ್ ಬೆಲ್ ನೊಂದು ಬ್ಯಾಂಡ್ ಬಿಟ್ಟ. 1978ರಲ್ಲಿ ಕಾರ್ ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ ಬರೀ 27 ವರ್ಷ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಮೊದಲ ಆಲ್ಬಮ್‌ನ 'ಥರ್ಟೀನ್' ಹಾಡು ಒಮ್ಮೆ ಕೇಳಿ. ಡ್ರಮ್ ಇಲ್ಲ. ಅಕೂಸ್ಟಿಕ್ ಗಿಟಾರ್, ಮೆಲ್ಲಗೆ ಹಾಡುವ ದನಿ, ಹಿಂದೆ ಸಣ್ಣಗೆ ಬಂದು ಸೇರುವ ಇನ್ನೊಂದೆರಡು ದನಿ. ಸ್ಕೂಲ್ ಬಿಟ್ಟ ಮೇಲೆ ನಿನ್ನ ಜೊತೆ ಮನೆವರೆಗೂ ಬರಲಾ ಅಂತ ಹುಡುಗನೊಬ್ಬ ಹಿಂಜರಿಯುತ್ತಾ ಕೇಳುತ್ತಾನೆ. ಎರಡೂವರೆ ನಿಮಿಷ, ಅಷ್ಟೇ.

80ರ ದಶಕದಲ್ಲಿ ಆರ್.ಇ.ಎಂ. ತರದ ಬ್ಯಾಂಡ್‌ಗಳು ಇವರನ್ನು ಮೆಚ್ಚಿ ಮಾತಾಡಿದ ಮೇಲೆ ಜನ ಹುಡುಕಿಕೊಂಡು ಬಂದರು. ಮೊದಲ ಆಲ್ಬಮ್ ಹಿಡಿಸಿದರೆ 1974ರ 'ರೇಡಿಯೋ ಸಿಟಿ'ಗೆ ಹೋಗಿ. ಅದರಲ್ಲಿ ಗಿಟಾರ್ ಇನ್ನೂ ಒರಟು, ನನಗೆ ಅದೇ ಜಾಸ್ತಿ ಇಷ್ಟ.