ಗೋಡೆಗೆ ಹಬ್ಬಿಸಿದ ಸೀಬೆಗೆ ಕತ್ತರಿ ಯಾವಾಗ?

ಪ್ರಶ್ನೆ: ಕಾಂಪೌಂಡ್ ಗೋಡೆಗೆ ತಂತಿ ಬಿಗಿದು ಸೀಬೆ ಗಿಡವನ್ನು ಚಪ್ಪಟೆಯಾಗಿ ಹಬ್ಬಿಸಿದ್ದೇನೆ. ಇಂಗ್ಲೆಂಡಿನಲ್ಲಿರುವ ಮಗಳು, ‘ಆಗಸ್ಟಿನಲ್ಲಿ ಕತ್ತರಿಸಮ್ಮ’ ಅನ್ನುತ್ತಾಳೆ. ಸರಿಯಾ?
– ಓದುಗರೊಬ್ಬರು, ಹಾಸನ

ಉತ್ತರ: ಅಲ್ಲಿಯ ಸೇಬಿಗೆ ಸರಿ. ಆ ವರ್ಷದ ಅಡ್ಡಚಿಗುರಿನ ಬುಡ ಗಟ್ಟಿಯಾದ ಮೇಲೆ, ಬುಡದ ಎಲೆಗೊಂಚಲಿನ ಮೇಲೆ 3 ಎಲೆ ಬಿಟ್ಟು ಕತ್ತರಿಸುತ್ತಾರೆ. ಒಳಗೆ ಬೆಳಕು ಬಿದ್ದು ಮುಂದಿನ ವರ್ಷದ ಹೂಮೊಗ್ಗು ಕೂರುತ್ತದೆ.

ನಿಮ್ಮ ಸೀಬೆ ಹೂ ಬಿಡೋದೇ ಹೊಸ ಚಿಗುರಿನಲ್ಲಿ. ಆಗಸ್ಟಿನಲ್ಲಿ ಕತ್ತರಿ ಆಡಿಸಿದರೆ ಚಳಿಗಾಲದ ಮಿಡಿಗಳೇ ಹೋಗುತ್ತವೆ! ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದಾಗ ಹೋದ ವರ್ಷದ ರೆಂಬೆಗಳನ್ನು ಅರ್ಧಕ್ಕೆ ಕತ್ತರಿಸಿ. ತಂತಿಗೆ ಕಟ್ಟಿದ ದಪ್ಪ ಕೊಂಬೆ ಮುಟ್ಟಬೇಡಿ. ಗೋಡೆ ಕಡೆ ತಿರುಗಿದ ಚಿಗುರಿಗೆ ಮಾತ್ರ ಮುಹೂರ್ತ ನೋಡಬೇಕಿಲ್ಲ, ಕಂಡಾಗಲೇ ಚಿವುಟಿ. ಮಗಳಿಗೆ ಬೇಜಾರಾಗದ ಹಾಗೆ ಹೇಳಿ, ಅಷ್ಟೆ.