ಮೂತ್ರಪಿಂಡದ ಕ್ಯಾನ್ಸರ್ ಹರಡಿದೆ: ಊರಿಗಿಂತ ಮೊದಲು ವಿಧವನ್ನು ಕೇಳಿ

ನಿಮ್ಮ ತಾಯಿಯವರ ವರದಿಯಲ್ಲಿ ‘ಪ್ಯಾಪಿಲರಿ’ (ಮೂತ್ರಪಿಂಡದ ಕ್ಯಾನ್ಸರ್‌ನ ಒಂದು ವಿಧ) ಎಂದಿದೆ, ಕ್ಯಾನ್ಸರ್ ದುಗ್ಧಗ್ರಂಥಿಗಳಿಗೆ ಹರಡಿದೆ, ಮೈಸೂರಿನಲ್ಲೇ ಇರುವುದೋ ಮುಂಬೈಗೆ ಹೋಗುವುದೋ ಎಂದು ಕೇಳಿದ್ದೀರಿ. ಮಂಡ್ಯದ ನಮ್ಮ ಮನೆಯಲ್ಲೂ ಅಕ್ಕನಿಗೆ ಇದೇ ಆದಾಗ ಊರಿನ ಚರ್ಚೆಯೇ ಮೊದಲು ನಡೆಯಿತು. ನನ್ನ ಅಭಿಪ್ರಾಯದಲ್ಲಿ ಅದು ಮೊದಲು ಕೇಳಬೇಕಾದ ಪ್ರಶ್ನೆಯಲ್ಲ.

ಅಕ್ಕನಿಗೆ ಮೂವತ್ತು ದಾಟುವಷ್ಟರಲ್ಲೇ ಫೈಬ್ರಾಯ್ಡ್ ಗಡ್ಡೆಗಳಿಗಾಗಿ ಗರ್ಭಕೋಶ ತೆಗೆದಿದ್ದರು. ಅವಳ ಎಡ ತೋಳಿನ ಮೇಲೆ ಕಡಲೆಕಾಳಿನಷ್ಟು ಗಾತ್ರದ, ಕೆಂಪು ಮಿಶ್ರಿತ ಕಂದು ಬಣ್ಣದ ಗಂಟುಗಳು ಗುಂಪಾಗಿದ್ದವು. ತಣ್ಣೀರು ಬಿದ್ದರೆ ಚುಚ್ಚಿದಂತೆ ನೋಯುತ್ತಿದ್ದವು. ಮೂತ್ರಪಿಂಡ ತೆಗೆದ ಖಾಸಗಿ ಆಸ್ಪತ್ರೆಯಲ್ಲಿ ಇವೆರಡನ್ನೂ ಯಾರೂ ವಿಚಾರಿಸಲಿಲ್ಲ. ‘ಪ್ಯಾಪಿಲರಿ, ಟೈಪ್ 2’ ಎಂಬ ಒಂದು ಸಾಲಿನ ಆಧಾರದ ಮೇಲೆ ಸುನಿಟಿನಿಬ್ ಎಂಬ ಕ್ಯಾನ್ಸರ್ ಗುಳಿಗೆ ಆರಂಭವಾಯಿತು.

ನಮಗೆ ದುಬಾರಿಯಾದದ್ದು ಆ ಒಂದು ಸಾಲು, ಆದ್ದರಿಂದ ಅದನ್ನು ವಿವರವಾಗಿಯೇ ಹೇಳುತ್ತೇನೆ. ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ‘ಕ್ಲಿಯರ್ ಸೆಲ್’ ವಿಧದವು, ಬಹುಪಾಲು ಔಷಧಿಗಳ ಪರೀಕ್ಷೆ ನಡೆದಿರುವುದೂ ಅದರ ಮೇಲೆಯೇ. ಉಳಿದ ಕಾಲು ಭಾಗದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಕಾಯಿಲೆಗಳಿವೆ. ಪ್ಯಾಪಿಲರಿಯಲ್ಲಿ ‘ಟೈಪ್ 2’ ಎಂದು ಕರೆಯುತ್ತಿದ್ದ ಗುಂಪಿನಲ್ಲಿ ಬೇರೆ ಬೇರೆ ರೋಗಗಳು ಸೇರಿಕೊಂಡಿದ್ದವೆಂಬ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಆ ವಿಭಜನೆಯನ್ನೇ ಕೈಬಿಟ್ಟಿತು. ಅಕ್ಕನದು ಅವುಗಳಲ್ಲಿ ಒಂದು. ಅವಳ ಗಡ್ಡೆಯ ಜೀವಕೋಶಗಳಲ್ಲಿ ಫ್ಯೂಮರೇಟ್ ಹೈಡ್ರೇಟೇಸ್ (ಎಫ್‌ಎಚ್) ಎಂಬ ಕಿಣ್ವವೇ ಇರಲಿಲ್ಲ. ಅದಿಲ್ಲದಿದ್ದಾಗ ಫ್ಯೂಮರೇಟ್ ಶೇಖರವಾಗಿ, ಜೀವಕೋಶ ಆಮ್ಲಜನಕ ಸಿಗದಂತೆ ವರ್ತಿಸುತ್ತದೆ ಮತ್ತು ಸಕ್ಕರೆಯನ್ನೇ ನೆಚ್ಚಿಕೊಂಡು ಬಹಳ ಬೇಗ ಹರಡುತ್ತದೆ. ಗರ್ಭಕೋಶದ ಗಡ್ಡೆಗಳೂ ತೋಳಿನ ಗಂಟುಗಳೂ ಆ ಕಿಣ್ವವನ್ನು ತಯಾರಿಸುವ ಜೀನಿನ ದೋಷದ ಗುರುತುಗಳಾಗಿದ್ದವು.

ಇದು ತಿಳಿದದ್ದು ಕ್ಯಾನ್ಸರ್ ಯಕೃತ್ತಿಗೆ ಹರಡಿದ ಮೇಲೆ. ಬೆಂಗಳೂರಿನ ಪೆಥಾಲಜಿಸ್ಟ್ ಒಬ್ಬರು ಗಡ್ಡೆಯ ತುಣುಕನ್ನು ಕಾಪಿಟ್ಟ ಮೇಣದ ಬ್ಲಾಕ್ ತರಿಸಿಕೊಂಡು ಎಫ್‌ಎಚ್ ಸ್ಟೇನ್ (ಆ ಕಿಣ್ವ ಇದೆಯೇ ಎಂದು ಬಣ್ಣ ಹಾಕಿ ನೋಡುವ ಪರೀಕ್ಷೆ) ಮಾಡಿದರು, ರಕ್ತದ ಜೀನ್ ಪರೀಕ್ಷೆ ಅದನ್ನು ದೃಢಪಡಿಸಿತು. ಗುಳಿಗೆ ನಿಲ್ಲಿಸಿ ಬೆವಾಸಿಜುಮ್ಯಾಬ್ ಡ್ರಿಪ್ ಮತ್ತು ಎರ್ಲೊಟಿನಿಬ್ ಮಾತ್ರೆ ಕೊಟ್ಟರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅಧ್ಯಯನದಲ್ಲಿ ಈ ಜೋಡಿಯಿಂದ ಇಂತಹ 43 ಆನುವಂಶಿಕ ರೋಗಿಗಳಲ್ಲಿ ಶೇಕಡ 72ರಷ್ಟು ಜನರ ಗಡ್ಡೆಗಳು ಗಣನೀಯವಾಗಿ ಕುಗ್ಗಿದ್ದವು. ಅಕ್ಕನ ಮುಖದ ತುಂಬ ಮೊಡವೆಯಂತಹ ಗುಳ್ಳೆಗಳೆದ್ದವು, ರಕ್ತದೊತ್ತಡ ಏರಿತು, ಆದರೆ ಗ್ರಂಥಿಗಳು ಕರಗಿದವು, ಅವಳು ಮತ್ತೆ ಊಟ ಮಾಡುವಂತಾದಳು. ಯಕೃತ್ತಿನಲ್ಲಿ ಅಷ್ಟರಲ್ಲಿ ಬೇರೂರಿದ್ದು ಮಾತ್ರ ಪೂರ್ತಿ ಹೋಗಲಿಲ್ಲ.

ನಿಮ್ಮ ತಾಯಿಯವರದೂ ಇದೇ ವಿಧವೆಂದು ನಾನು ಹೇಳಲಾರೆ. ನಿಜವಾದ ಪ್ಯಾಪಿಲರಿಯೇ ಆಗಿದ್ದರೂ ಸುನಿಟಿನಿಬ್‌ಗೆ ಒಪ್ಪುವ ಮೊದಲು ಕ್ಯಾಬೊಜಾಂಟಿನಿಬ್ ಎಂಬ ಔಷಧಿಯ ಬಗ್ಗೆ ಕೇಳಿ. 2021ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅದು ರೋಗವನ್ನು ಸುಮಾರು 9 ತಿಂಗಳು ತಡೆದರೆ, ಸುನಿಟಿನಿಬ್ ತಡೆದದ್ದು 5.6 ತಿಂಗಳು.

ಮುಂಬೈಗೆ ಮೊದಲು ಹೋಗಬೇಕಾದದ್ದು ನಿಮ್ಮ ತಾಯಿಯಲ್ಲ, ಅವರ ಬ್ಲಾಕ್. ಸ್ಲೈಡುಗಳಷ್ಟೇ ಸಾಲುವುದಿಲ್ಲ, ಹೊಸ ಸ್ಟೇನ್ ಮಾಡಲು ಸಂಖ್ಯೆ ಬರೆದ ಆ ಪುಟ್ಟ ಪ್ಲಾಸ್ಟಿಕ್ ಚೌಕಟ್ಟಿನ ಮೇಣದ ತುಂಡೇ ಬೇಕು. ಲ್ಯಾಬಿಗೆ ಅರ್ಜಿ ಬರೆದುಕೊಟ್ಟು ಪಡೆದುಕೊಳ್ಳಿ, ಬಿಸಿಲಿಗೆ ಇಡಬೇಡಿ. ಟಾಟಾ ಸ್ಮಾರಕ ಆಸ್ಪತ್ರೆಯಂತಹ ಕಡೆ ಮರುಪರಿಶೀಲನೆ ಮಾಡಿಸಿ. ವಿಧ ಖಚಿತವಾದ ಮೇಲೆ ಡ್ರಿಪ್ ಮೈಸೂರಿನಲ್ಲೂ ಹಾಕಿಸಬಹುದು.

ತಾಯಿಯವರಿಗೆ ಫೈಬ್ರಾಯ್ಡ್ ಇತ್ತೇ, ಚರ್ಮದ ಮೇಲೆ ನೋಯುವ ಗಂಟುಗಳಿವೆಯೇ ಎಂದು ಇಂದೇ ಕೇಳಿ ವೈದ್ಯರಿಗೆ ತಿಳಿಸಿ. ರಕ್ತದ ಜೀನ್ ಪರೀಕ್ಷೆಯಲ್ಲಿ ಎಫ್‌ಎಚ್ ದೋಷ ಕಂಡರೆ ಅದು ನಿಮಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ನನಗೆ ಬಂದಿದೆ, ಪ್ರತಿ ವರ್ಷ ಎಂಆರ್‌ಐ ಮಾಡಿಸುತ್ತಿದ್ದೇನೆ.