ಮಾಸಿನ ದುಡಿಮೆ ನಿಮ್ಮ ಲೇಖನದಲ್ಲಿ ಕಾಣಲಿಲ್ಲ

ಆತ್ಮೀಯರೇ, ನಮಸ್ಕಾರ.

‘ಹೊಟ್ಟೆಯೊಳಗಿನ ಊಟ’ ಎಂಬ ನಿಮ್ಮ ಲೇಖನ ತಲುಪಿತು. ಸೋಮವಾರಪೇಟೆ ಕಡೆಯ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ (ಕೂಲಿಕಾರರ ಸಾಲುಮನೆಗಳಲ್ಲಿ) ಬಸುರಿಯರನ್ನು ನೋಡಿಕೊಳ್ಳುವ ನರ್ಸ್ ಒಬ್ಬರು, ಹೊಟ್ಟೆಯಲ್ಲಿರುವ ಮಗುವಿಗೆ ಮಾಸಿನ (ಪ್ಲಾಸೆಂಟಾದ) ಮೂಲಕ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಬಿಡಿ ಘಟಕಗಳು, ಹೇಗೆ ಸಿಗುತ್ತವೆ ಎಂದು ಕನ್ನಡದಲ್ಲಿ ಬರೆಯಲು ಕೂತದ್ದು ನನಗೆ ಸಂತೋಷ. ಭಾಷೆ ತಿಳಿಯಾಗಿದೆ, ಕಾಗುಣಿತ ಶುದ್ಧವಾಗಿದೆ.

ಇನ್ನು ನನ್ನನ್ನು ಕಾಡಿದ ಸಾಲಿಗೆ ಬರುತ್ತೇನೆ. ಎರಡನೇ ಪುಟದಲ್ಲಿ ಬರೆದಿದ್ದೀರಿ: “ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವ ಹಾಗೆ, ತಾಯಿಯ ರಕ್ತದ ಅಮೈನೋ ಆಮ್ಲಗಳು ಮಾಸಿನಲ್ಲಿ ಸೋಸಿ ಮಗುವಿಗೆ ಇಳಿಯುತ್ತವೆ.” ಕೊಡಗಿನ ಓದುಗರಿಗೆ ಕಾಫಿಯ ಮಾತು ಬೇಗ ಹತ್ತುತ್ತದೆ ಎಂಬುದು ನಿಮ್ಮ ಲೆಕ್ಕ. ನನ್ನ ಭಯವೂ ಅದೇ. ಹಾಗೆ ಹತ್ತಿದ ತಪ್ಪು ಚಿತ್ರವನ್ನು ಆಮೇಲೆ ಕಿತ್ತು ಹಾಕುವುದು ಕಷ್ಟ.

ಡಿಕಾಕ್ಷನ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧ. ಬಹುತೇಕ ಅಮೈನೋ ಆಮ್ಲಗಳ ಪ್ರಮಾಣ ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲೇ ಹೆಚ್ಚು. ಇಬ್ಬರ ರಕ್ತದ ನಡುವೆ ಇರುವ ಮಾಸಿನ ಪದರದೊಳಗೆ ಇನ್ನೂ ಹೆಚ್ಚು. ಆಮ್ಲಜನಕ ಹೆಚ್ಚು ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ತಾನಾಗಿ ದಾಟುತ್ತದೆ. ಗ್ಲೂಕೋಸ್ ವಾಹಕ ಪ್ರೋಟೀನಿನ ನೆರವು ಪಡೆದರೂ ಅದರದ್ದೂ ಇಳಿಜಾರಿನ ದಾರಿಯೇ. ಅಮೈನೋ ಆಮ್ಲವನ್ನಾದರೋ ಮಾಸು ಶಕ್ತಿ ಖರ್ಚು ಮಾಡಿ ಏರುದಾರಿಯಲ್ಲಿ ಎಳೆದುಕೊಳ್ಳಬೇಕು. ನಿಮ್ಮ ವಾಕ್ಯದಲ್ಲಿ ಈ ಏರುದಾರಿಯೇ ಇಲ್ಲ.

ಮುಂದಿನ ಸಾಲು: “ಹೀಗೆ ಅವು ಮಗುವಿನ ರಕ್ತ ಸೇರುತ್ತವೆ.” ಯಾರು ಸೇರಿಸಿದರು? ಮಾಸಿನ ಹೊರಪದರ ಬಿಡಿಬಿಡಿ ಕೋಶಗಳದ್ದಲ್ಲ. ಕೋಶಗಳು ಒಂದರೊಳಗೊಂದು ಬೆಸೆದು, ನಡುವೆ ಗೋಡೆಯಿಲ್ಲದೆ ಒಂದೇ ಆದ ಪದರ ಅದು. ಅದರ ಒಂದು ಮುಖ ತಾಯಿಯ ರಕ್ತದ ಕಡೆಗೆ, ಇನ್ನೊಂದು ಮಗುವಿನ ಕಡೆಗೆ. ಪದರದೊಳಗಿನ ಸೋಡಿಯಂ ಅನ್ನು ಒಂದು ಪಂಪು ಸದಾ ಹೊರಗೆ ತಳ್ಳುತ್ತಿರುತ್ತದೆ. ಶಕ್ತಿ ವ್ಯಯವಾಗುವುದು ಅಲ್ಲಿ. ಹೊರಗಿನ ಸೋಡಿಯಂ ಮತ್ತೆ ಒಳಗೆ ನುಗ್ಗುವಾಗ ಅಲನಿನ್, ಗ್ಲೈಸಿನ್, ಸೆರಿನ್‌ನಂಥ ಚಿಕ್ಕ ಅಮೈನೋ ಆಮ್ಲಗಳನ್ನು ಜೊತೆಗೆ ಕರೆತರುತ್ತದೆ. ಇದಕ್ಕೆ ‘ಸಿಸ್ಟಮ್ ಎ’ ಎಂದು ಹೆಸರು. ‘ಸಿಸ್ಟಮ್ ಎಲ್’ ಎಂಬ ಇನ್ನೊಂದು ಬಗೆಯ ವಾಹಕಗಳು, ಹೀಗೆ ಒಳಗೆ ಕೂಡಿಟ್ಟ ಒಂದನ್ನು ಹೊರಗೆ ಕೊಟ್ಟು ಲ್ಯೂಸಿನ್, ಫಿನೈಲಲನಿನ್ ಮುಂತಾದವುಗಳಲ್ಲಿ ಒಂದನ್ನು ಒಳಗೆ ತೆಗೆದುಕೊಳ್ಳುತ್ತವೆ. ಮೊದಲನೆಯದು ಸಂಗ್ರಹಿಸದಿದ್ದರೆ ಎರಡನೆಯದಕ್ಕೆ ವಿನಿಮಯಕ್ಕೆ ಕೈಯಲ್ಲೇನೂ ಇರುವುದಿಲ್ಲ. ಮಗುವಿನ ಕಡೆಯ ಮುಖದಲ್ಲಿ ಹೊರಗೆ ಬಿಡುವ ವಾಹಕಗಳೇ ಬೇರೆ. ಇಷ್ಟನ್ನೂ ನೀವು “ಸೇರುತ್ತವೆ” ಎಂದು ಮುಗಿಸಿಬಿಟ್ಟಿದ್ದೀರಿ.

ಮಡಿಕೇರಿಯಲ್ಲಿ ನಾನು ಪತ್ರಿಕೆಯ ಕೆಲಸ ಕಲಿತದ್ದು ಇಂಥ ಸಾಲುಗಳನ್ನು ಒಂದೂ ಬಿಡದ ಹಿರಿಯರೊಬ್ಬರ ಕೈಕೆಳಗೆ. ಜುಲೈ ಬಂತೆಂದರೆ ದಿನಾ ಬರೆ, ಅಂದರೆ ಗುಡ್ಡ ಕಡಿದ ಬದಿ, ಕುಸಿದ ಸುದ್ದಿ. “ರಸ್ತೆಗೆ ಬರೆ ಕುಸಿದು ಸಂಚಾರ ಸ್ಥಗಿತಗೊಂಡಿದೆ” ಎಂದು ಹುಡುಗರು ಬರೆದು ತಂದರೆ ಅವರು ಕಾಗದ ಕೆಳಗಿಟ್ಟು ಕೇಳುವರು: ಬರೆ ಕಡಿದವರು ಯಾರು? ಮೇಲಿನ ನೀರನ್ನು ಈ ಕಡೆ ತಿರುಗಿಸಿದವರು ಯಾರು? ಚರಂಡಿ ಎಲ್ಲಿ ಮುಚ್ಚಿದೆ? ಗೊತ್ತಿಲ್ಲವೆಂದರೆ ಕೊಡೆ ಹಿಡಿದು ಮತ್ತೆ ಹೋಗಬೇಕು. ಜಿಗಣೆ ಕಚ್ಚಿಸಿಕೊಂಡು, ತೋಟದ ರೈಟರನ್ನೂ ರಸ್ತೆ ಕೆಲಸದವರನ್ನೂ ವಿಚಾರಿಸಿ ಬಂದು ಬರೆದ ಸುದ್ದಿ ಎರಡೇ ಸಾಲು ಉದ್ದವಾಗಿರುತ್ತಿತ್ತು, ಆದರೆ ಅದರಲ್ಲಿ ಊರು ಕಾಣುತ್ತಿತ್ತು. ಅವರು ತೀರಿಕೊಂಡು ವರ್ಷಗಳಾದವು. ಈಗಲೂ ಮಾಡಿದವರಿಲ್ಲದ ವಾಕ್ಯ ಕಂಡರೆ ನನ್ನ ಪೆನ್ನು ನಿಲ್ಲುತ್ತದೆ.

ನಿಮ್ಮ ಇನ್ನೊಂದು ಸಾಲು: “ಈ ಹರಿವು ತಾಯಿಯಿಂದ ಮಗುವಿನ ಕಡೆಗೆ ಮಾತ್ರ.” ಇದೂ ಫಿಲ್ಟರಿನ ಚಿತ್ರದಿಂದಲೇ ಹುಟ್ಟಿದ್ದು. ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನೇ ನೋಡಿ: ಮಾಸು ಗ್ಲುಟಮಿನ್ ಅನ್ನು ಮಗುವಿಗೆ ಕೊಡುತ್ತದೆ, ಮಗುವಿನ ಯಕೃತ್ತು ಅದರಿಂದ ಗ್ಲುಟಮೇಟ್ ಮಾಡುತ್ತದೆ, ಮಾಸು ಅದನ್ನು ಮಗುವಿನ ರಕ್ತದಿಂದ ಹಿಂದಕ್ಕೆ ತೆಗೆದುಕೊಂಡು ತನ್ನ ಕೆಲಸಕ್ಕೆ ಉರಿಸುತ್ತದೆ. ಇಷ್ಟು ಚೆಲುವಾದ ಕೊಡುಕೊಳ್ಳುವಿಕೆಯನ್ನು “ಮಾತ್ರ” ಎಂದು ತಳ್ಳಿಹಾಕಿದ್ದು ನನಗೆ ನೋವಾಯಿತು.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಕೊನೆಯ ಪ್ಯಾರಾಕ್ಕೆ. “ಆದ್ದರಿಂದ ತಾಯಿ ಎಷ್ಟು ಪ್ರೋಟೀನ್ ತಿಂದರೆ ಮಗು ಅಷ್ಟು ಪುಷ್ಟಿ. ಮಗು ಸಣ್ಣದಾಗಿ ಹುಟ್ಟಿದರೆ ತಾಯಿಯ ನಿರ್ಲಕ್ಷ್ಯವೇ ಕಾರಣ.” ಮೇಲೆ ಹಾಕಿದಷ್ಟೂ ಕೆಳಗೆ ಇಳಿಯುತ್ತದೆ ಎಂದು ನಂಬಿದವರು ಬರೆಯುವುದು ಹೀಗೆಯೇ. ಬೆಳವಣಿಗೆ ಕುಂಠಿತವಾದ ಎಷ್ಟೋ ಶಿಶುಗಳ ಮಾಸಿನಲ್ಲಿ ಸಿಸ್ಟಮ್ ಎಯ ಚಟುವಟಿಕೆಯೇ ಕುಗ್ಗಿರುವುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ತಾಯಿ ಉಂಡರೂ ದಾಟಿಸುವ ಕೈ ಸೋತಿರಬಹುದು. ಹಲವು ಅಮೈನೋ ಆಮ್ಲಗಳು ಒಂದೇ ವಾಹಕಕ್ಕೆ ಪೈಪೋಟಿ ಮಾಡುವುದರಿಂದ, ಒಂದನ್ನು ಅತಿಯಾಗಿ ತುಂಬಿದರೆ ಇನ್ನೊಂದರ ದಾರಿ ಇಕ್ಕಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ, ಪೌಷ್ಟಿಕತೆ ಕಡಿಮೆ ಇರುವ ಸಮುದಾಯಗಳ ಗರ್ಭಿಣಿಯರಿಗೆ ಶಕ್ತಿ ಮತ್ತು ಪ್ರೋಟೀನ್ ಸಮತೋಲನದ ಪೂರಕ ಆಹಾರವನ್ನು ಶಿಫಾರಸು ಮಾಡಿದೆ. ಪ್ರೋಟೀನೇ ಹೆಚ್ಚಿರುವ ಪೂರಕಗಳು ಬೇಡ ಎಂದಿದೆ. ಲೈನ್‌ಮನೆಯ ಹೆಂಗಸಿಗೆ ಡಬ್ಬಿಯ ಪ್ರೋಟೀನ್ ಪುಡಿಗಿಂತ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯಡಿ ಸಿಗುವ ಅನ್ನ, ಸಾರು, ಮೊಟ್ಟೆ, ಹಾಲಿನ ಮಾತು ಹೇಳಿ.

ಕಾಫಿ ಕೊಯ್ಲಿನ ತಿಂಗಳಲ್ಲಿ ಎಂಟು ತಿಂಗಳ ಬಸುರಿಯೂ ಬೆಳಗಿನಿಂದ ನಿಂತು ಕೆಲಸ ಮಾಡುವುದನ್ನು ನೀವು ನನಗಿಂತ ಹತ್ತಿರದಿಂದ ಕಂಡಿದ್ದೀರಿ. ಎರಡು ಕೆಜಿಯ ಮಗು ಹೆತ್ತವಳಿಗೆ ಅತ್ತೆಯಿಂದ, ನೆರೆಯವರಿಂದ ಕೇಳಬೇಕಾದ ಮಾತು ಆಗಲೇ ಬೇಕಾದಷ್ಟಿದೆ. ನಮ್ಮ ಪತ್ರಿಕೆ ಅದಕ್ಕೆ ಇನ್ನೊಂದು ಸೇರಿಸಲಾರದು.

ಫಿಲ್ಟರಿನ ಪ್ಯಾರಾ ಪೂರ್ತಿ ತೆಗೆಯಿರಿ, ಅದರ ಜಾಗಕ್ಕೆ ಬೇರೆ ಹೋಲಿಕೆ ಹುಡುಕಬೇಡಿ. ಯಾವ ಮುಖದಲ್ಲಿ ಯಾವ ವಾಹಕ ಏನನ್ನು ಹಿಡಿದು ಏನನ್ನು ಬಿಡುತ್ತದೆ ಎಂದು ನೇರವಾಗಿ ಬರೆಯಿರಿ. ಓದುಗರು ಹಿಂಬಾಲಿಸುತ್ತಾರೆ. ಕೊನೆಯ ಪ್ಯಾರಾವನ್ನು ಹೊಸದಾಗಿ ಬರೆದು ಹುತ್ತರಿ ಹಬ್ಬಕ್ಕೆ ಮೊದಲು ಕಳುಹಿಸಿದರೆ ಡಿಸೆಂಬರ್ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಇಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ